ಪೈಲಟ್‌ಗಳ ನಿವೃತ್ತಿಗೆ 65 ಎಂಬ ಗೆರೆ: ಅದರ ಹಿಂದಿರುವ ಲೆಕ್ಕಗಳು

ದೊಡ್ಡ ಪ್ರಯಾಣಿಕ ವಿಮಾನದ ಕ್ಯಾಪ್ಟನ್ ಒಬ್ಬರು ತಮ್ಮ 65ನೇ ಹುಟ್ಟುಹಬ್ಬದ ಹಿಂದಿನ ದಿನ ಮುನ್ನೂರು ಮಂದಿಯನ್ನು ಕೂರಿಸಿಕೊಂಡು ಸಾಗರ ದಾಟಬಹುದು. ಮರುದಿನ ಅದೇ ಆಸನದಲ್ಲಿ ಕುಳಿತು ಅದೇ ಮಾರ್ಗದಲ್ಲಿ ಹಿಂತಿರುಗಲು ಅವರಿಗೆ ಅಧಿಕಾರವಿರುವುದಿಲ್ಲ. ಇತ್ತೀಚಿನ ವೈದ್ಯಕೀಯ ತಪಾಸಣೆಯಲ್ಲಿ ಅವರು ತೇರ್ಗಡೆಯಾಗಿರಲಿ, ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಕಿರಿಯರಿಗಿಂತ ಚೆನ್ನಾಗಿ ನಿರ್ವಹಿಸಿರಲಿ, ನಿಯಮ ಒಂದು ದಿನದ ಮಟ್ಟಿಗೂ ಸಡಿಲವಾಗುವುದಿಲ್ಲ. ಮೇಲ್ನೋಟಕ್ಕೆ ಇದು ದೇಹದ ಕ್ಷಮತೆಗೆ ಸಂಬಂಧಿಸಿದ ನಿಯಮವೆಂದೇ ತೋರುತ್ತದೆ. ಆದರೆ ಆರೋಗ್ಯದ ಲೆಕ್ಕ ಅದರಲ್ಲಿ ಒಂದು ಭಾಗ ಮಾತ್ರ. ದೇಶಗಳ ನಡುವಿನ ಒಪ್ಪಂದ, ವಿಮಾನಯಾನ ಸಂಸ್ಥೆಗಳೊಳಗಿನ ಸೀನಿಯಾರಿಟಿ ಪಟ್ಟಿ, ತರಬೇತಿಯ ಸರಪಳಿ, ಕಾಕ್‌ಪಿಟ್‌ನಲ್ಲಿ ಇಬ್ಬರು ಕೆಲಸ ಹಂಚಿಕೊಳ್ಳುವ ರೀತಿ, ಇಷ್ಟೂ ಆ ಒಂದು ಸಂಖ್ಯೆಗೆ ಕಟ್ಟಿಕೊಂಡಿವೆ. ಅದನ್ನು 67ಕ್ಕೆ ಏರಿಸಬೇಕೆಂಬ ಬೇಡಿಕೆ ಎದ್ದಾಗಲೆಲ್ಲ ಪೈಲಟ್ ಸಮುದಾಯವೇ ಎರಡು ಪಾಳಯವಾಗುವುದು ಏಕೆ ಎಂಬುದು ಈ ಗಂಟುಗಳನ್ನು ಒಂದೊಂದಾಗಿ ಬಿಡಿಸಿದಾಗ ತಿಳಿಯುತ್ತದೆ.

ಚರ್ಚೆ ಅತ್ಯಂತ ತೀವ್ರವಾಗಿ ನಡೆದಿರುವುದು ಅಮೆರಿಕದಲ್ಲಿ, ಆದ್ದರಿಂದ ಅಲ್ಲಿಂದಲೇ ತೊಡಗುವುದು ಸೂಕ್ತ. 1958ರ ಅಕ್ಟೋಬರ್‌ನಲ್ಲಿ ಪ್ಯಾನ್ ಆಮ್ ಸಂಸ್ಥೆ ಬೋಯಿಂಗ್ 707 ಜೆಟ್ ಸೇವೆಯನ್ನು ಆರಂಭಿಸಿತು; ಮುಂದಿನ ವರ್ಷದ ಆರಂಭದಲ್ಲೇ ಅಮೆರಿಕನ್ ಏರ್‌ಲೈನ್ಸ್ ಕೂಡ ಜೆಟ್‌ಗಳನ್ನು ಹಾರಿಸತೊಡಗಿತು. ತನ್ನ ಪೈಲಟ್‌ಗಳು 60ಕ್ಕೆ ನಿವೃತ್ತರಾಗಬೇಕೆಂದು ಆ ಸಂಸ್ಥೆ ಬಯಸಿತ್ತು. ಪೈಲಟ್‌ಗಳು ಒಪ್ಪದೆ ದೂರು ಸಲ್ಲಿಸಿದರು, ಮಧ್ಯಸ್ಥಿಕೆಯ ತೀರ್ಪು ಅವರ ಪರವಾಗಿಯೇ ಬಂತು. ಅದರ ಬಳಿಕ, 1959ರ ಫೆಬ್ರವರಿಯಲ್ಲಿ, ಸಂಸ್ಥೆಯ ಮುಖ್ಯಸ್ಥ ಸಿ. ಆರ್. ಸ್ಮಿತ್ ಅವರು ಆಗಷ್ಟೇ ರೂಪುಗೊಂಡಿದ್ದ ಫೆಡರಲ್ ಏವಿಯೇಷನ್ ಏಜೆನ್ಸಿಯ ಮೊದಲ ಆಡಳಿತಾಧಿಕಾರಿ ಎಲ್‌ವುಡ್ ಕೆಸಾಡಾ ಅವರಿಗೆ ಪತ್ರ ಬರೆದು, ಪೈಲಟ್‌ಗಳಿಗೆ ವಯೋಮಿತಿಯೊಂದನ್ನು ಸರ್ಕಾರವೇ ಗೊತ್ತುಪಡಿಸಬೇಕೆಂದು ಕೋರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಯಮ ಸಿದ್ಧವಾಯಿತು, 1960ರ ಮಾರ್ಚ್ 15ರಿಂದ ಜಾರಿಗೂ ಬಂತು. ವಯಸ್ಸಾದಂತೆ ಹೃದಯಾಘಾತದ ಸಂಭವ ಹೆಚ್ಚುತ್ತದೆ, ಜೆಟ್‌ಗಳು ವೇಗವಾಗಿಯೂ ಭಾರವಾಗಿಯೂ ಇವೆ ಎಂಬ ಸಮರ್ಥನೆಗಳನ್ನು ಅದಕ್ಕೆ ನೀಡಲಾಯಿತು. ಎರಡೂ ಮಾತು ಸುಳ್ಳಲ್ಲ. ಆದರೆ ಗೆರೆ 58ಕ್ಕೂ 63ಕ್ಕೂ ಬೀಳದೆ 60ಕ್ಕೇ ಏಕೆ ಬಿತ್ತು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್ ನೇಮಿಸಿದ್ದ ಸಮಿತಿ 1981ರಲ್ಲಿ ವರದಿ ಕೊಟ್ಟಾಗ, 60 ಎಂಬ ವಯಸ್ಸಿಗೆ ವಿಶೇಷವಾದ ವೈದ್ಯಕೀಯ ಮಹತ್ವವೇನೂ ಇಲ್ಲವೆಂದು ಒಪ್ಪಿಕೊಂಡಿತು. ಹಾಗಿದ್ದೂ, ಪ್ರತಿಯೊಬ್ಬ ಪೈಲಟ್‌ನ ಕ್ಷಮತೆಯನ್ನು ಬಿಡಿಬಿಡಿಯಾಗಿ ಅಳೆಯುವ ನಂಬಲರ್ಹ ವಿಧಾನ ಇಲ್ಲದಿರುವುದರಿಂದ ನಿಯಮವನ್ನು ಉಳಿಸಿಕೊಳ್ಳಬೇಕೆಂದೇ ಶಿಫಾರಸು ಮಾಡಿತು. ಮುಂದಿನ ಎಲ್ಲ ವಾದಗಳ ಬೀಜ ಈ ಎರಡು ವಾಕ್ಯಗಳಲ್ಲಿದೆ.

ಹಾಗಾದರೆ ವೈದ್ಯರು ಯಾವ ಅಳತೆಗೋಲನ್ನು ಬಳಸುತ್ತಾರೆ? ವೈಮಾನಿಕ ವೈದ್ಯಶಾಸ್ತ್ರದಲ್ಲಿ ‘ಶೇಕಡ 1ರ ನಿಯಮ’ ಎಂಬುದೊಂದಿದೆ. 1980ರ ದಶಕದಲ್ಲಿ ಯುರೋಪಿನ ಹೃದ್ರೋಗ ತಜ್ಞರು ಇದನ್ನು ರೂಪಿಸಿದರು. ಮುಂದಿನ 1 ವರ್ಷದಲ್ಲಿ ಒಬ್ಬ ಪೈಲಟ್ ಹಠಾತ್ತನೆ ಅಸ್ವಸ್ಥನಾಗಿ ಕೆಲಸ ಮಾಡಲಾಗದ ಸ್ಥಿತಿ ತಲುಪುವ ಸಂಭವ ಶೇಕಡ 1ಕ್ಕಿಂತ ಕಡಿಮೆಯಿದ್ದರೆ, ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ ಅವರು ಹಾರಬಹುದು ಎಂಬುದು ಅದರ ತಿರುಳು. ನೂರರಲ್ಲಿ ಒಬ್ಬರು ಎಂದಾಗ ಯಾರಿಗಾದರೂ ಎದೆ ಝಲ್ಲೆನ್ನುವುದು ಸಹಜ, ಆದ್ದರಿಂದ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಸಾವುನೋವಿನ ಅಪಘಾತ 1 ಕೋಟಿ ಹಾರಾಟದ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಬಾರದು, ಅದರಲ್ಲಿ ಪೈಲಟ್‌ನ ಅನಾರೋಗ್ಯದ ಪಾಲು ನೂರರಲ್ಲಿ ಒಂದನ್ನು ಮೀರಬಾರದು ಎಂಬುದು ಗುರಿ. ಅಂದರೆ ಪೈಲಟ್ ಅಸ್ವಸ್ಥನಾದ ಕಾರಣಕ್ಕೆ ಆಗುವ ಅಪಘಾತ 100 ಕೋಟಿ ಗಂಟೆಗಳಿಗೆ ಒಂದರ ಮಿತಿಯಲ್ಲಿರಬೇಕು. ವರ್ಷದಲ್ಲಿ ಇರುವ 8,760 ಗಂಟೆಗಳನ್ನು ಸುಲಭಕ್ಕಾಗಿ 10,000 ಎಂದು ಹಿಡಿದರೆ, ವರ್ಷಕ್ಕೆ ಶೇಕಡ 1ರ ಅಪಾಯವೆಂದರೆ ಪ್ರತಿ ಗಂಟೆಗೆ 10 ಲಕ್ಷದಲ್ಲಿ ಒಂದರಷ್ಟು ಅಪಾಯ. ಆದರೆ ನೆಲ ಬಿಡುವ ಮತ್ತು ನೆಲ ಮುಟ್ಟುವ ಹೊತ್ತಿನ ಸೂಕ್ಷ್ಮ ಹಂತಗಳು ಹಾರಾಟದ ಹತ್ತನೇ ಒಂದು ಪಾಲು ಮಾತ್ರ. ಆಕಾಶದಲ್ಲಿ ಸ್ಥಿರವಾಗಿ ಸಾಗುವಾಗ ಒಬ್ಬರು ಕುಸಿದರೆ ಮತ್ತೊಬ್ಬರಿಗೆ ಯೋಚಿಸಲು ಸಮಯವಿರುತ್ತದೆ. ಹೀಗಾಗಿ ಅಪಾಯ 1 ಕೋಟಿಯಲ್ಲಿ ಒಂದಕ್ಕೆ ಇಳಿಯುತ್ತದೆ. ಇನ್ನು ಸೂಕ್ಷ್ಮ ಹಂತದಲ್ಲೇ ಒಬ್ಬರು ಕುಸಿದರೂ ನೂರರಲ್ಲಿ ತೊಂಬತ್ತೊಂಬತ್ತು ಬಾರಿ ಇನ್ನೊಬ್ಬರು ವಿಮಾನವನ್ನು ಸುರಕ್ಷಿತವಾಗಿ ನಿಭಾಯಿಸುತ್ತಾರೆಂದು ಸಿಮ್ಯುಲೇಟರ್ ಅಭ್ಯಾಸಗಳ ಆಧಾರದ ಮೇಲೆ ಅಂದಾಜಿಸಲಾಯಿತು. ಅಲ್ಲಿಗೆ ಲೆಕ್ಕ 100 ಕೋಟಿಯಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ.

ಈ ಲೆಕ್ಕದಲ್ಲಿ ವಯಸ್ಸಿನ ಪ್ರಸ್ತಾಪವೇ ಇಲ್ಲ ಎಂಬುದನ್ನು ಗಮನಿಸಬೇಕು. ಹೃದಯದ ರಕ್ತನಾಳ ಕಟ್ಟಿಕೊಂಡಿರುವ 45ರ ಪೈಲಟ್ ಶೇಕಡ 1ರ ಗೆರೆಯನ್ನು ದಾಟಿರಬಹುದು, ಆರೋಗ್ಯವಂತರಾದ 66ರ ಪೈಲಟ್ ದಾಟಿರದೆ ಇರಬಹುದು. ಎರಡನೆಯದಾಗಿ, ಇಡೀ ಲೆಕ್ಕ ನಿಂತಿರುವುದು ಪಕ್ಕದ ಆಸನದಲ್ಲಿ ಸಮರ್ಥರಾದ ಇನ್ನೊಬ್ಬರು ಇದ್ದಾರೆ ಎಂಬ ಆಧಾರದ ಮೇಲೆ. ಆ ಇನ್ನೊಬ್ಬರನ್ನು ತೆಗೆದುಬಿಟ್ಟರೆ ಕೊನೆಯ ಹಂತದ ನೂರುಪಟ್ಟು ರಕ್ಷಣೆ ಪೂರ್ತಿ ಕರಗುತ್ತದೆ. ಒಬ್ಬರೇ ನಡೆಸುವ ವಾಣಿಜ್ಯ ವಿಮಾನಗಳಿಗೆ ಅಂತರರಾಷ್ಟ್ರೀಯ ನಿಯಮ ಇಂದಿಗೂ 60ರ ಮಿತಿಯನ್ನೇ ಇಟ್ಟುಕೊಂಡಿರುವುದಕ್ಕೆ ಅರ್ಥ ಸಿಗುವುದು ಇಲ್ಲಿ.

ಇಬ್ಬರಲ್ಲಿ ಒಬ್ಬರು ಕುಸಿದದ್ದು ಇನ್ನೊಬ್ಬರಿಗೆ ತಿಳಿಯುವ ಬಗೆ ಕೂಡ ವಿವರಿಸಬೇಕಾದದ್ದೇ. ಎದೆ ಹಿಡಿದುಕೊಂಡು ಒರಗಿಬಿಟ್ಟರೆ ಗುರುತಿಸುವುದು ಸುಲಭ. ಕಣ್ಣು ತೆರೆದೇ ಇದ್ದು, ಕೈ ನಿಯಂತ್ರಣದ ಮೇಲೆಯೇ ಇದ್ದು, ಮನಸ್ಸು ಮಾತ್ರ ಮಂಕಾಗಿರುವ ಸ್ಥಿತಿ ಹೆಚ್ಚು ಅಪಾಯಕಾರಿ. 1972ರ ಜೂನ್ 18ರಂದು ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಹೊರಟ ಟ್ರೈಡೆಂಟ್ ವಿಮಾನ ಸ್ಟೇನ್ಸ್ ಪಟ್ಟಣದ ಬಳಿ ಬಿದ್ದು ಅದರಲ್ಲಿದ್ದ 118 ಮಂದಿಯೂ ಸತ್ತರು. ರೆಕ್ಕೆಯ ಮುಂಚೂಣಿಯ ಭಾಗಗಳನ್ನು ತೀರಾ ಬೇಗ ಮಡಚಿದ್ದು ಅಪಘಾತದ ನೇರ ಕಾರಣವಾಗಿತ್ತು; 51 ವರ್ಷದ ಕ್ಯಾಪ್ಟನ್‌ಗೆ ತೀವ್ರ ಹೃದ್ರೋಗವಿದ್ದದ್ದು ಮರಣೋತ್ತರ ಪರೀಕ್ಷೆಯಲ್ಲಿ ಹೊರಬಂತು. ಪೈಲಟ್ ಅಸ್ವಸ್ಥತೆಯನ್ನು ಎದುರಿಸುವ ತರಬೇತಿ ಗಂಭೀರವಾಗಲು ಆ ದುರಂತವೂ ಒಂದು ಕಾರಣ. ಇಂದು ಪ್ರತಿ ಹಾರಾಟದಲ್ಲೂ ಒಬ್ಬರು ವಿಮಾನ ನಡೆಸುವ ಪೈಲಟ್, ಇನ್ನೊಬ್ಬರು ಗಮನಿಸುವ ಪೈಲಟ್. ಕ್ಯಾಪ್ಟನ್ ಯಾರೆಂಬುದು ಬೇರೆ ಮಾತು, ಈ ಪಾತ್ರಗಳು ಹಾರಾಟದಿಂದ ಹಾರಾಟಕ್ಕೆ ಅದಲುಬದಲಾಗುತ್ತವೆ. ರನ್‌ವೇ ಮೇಲೆ ವೇಗ ಏರುವಾಗ, ವಿಮಾನದ ಮಾದರಿಗೆ ತಕ್ಕಂತೆ 80 ಅಥವಾ 100 ನಾಟ್ ತಲುಪಿದ ಕೂಡಲೇ ಗಮನಿಸುವ ಪೈಲಟ್ ಅದನ್ನು ಕೂಗಿ ಹೇಳುತ್ತಾರೆ, ನಡೆಸುವವರು ಮರುನುಡಿಯಬೇಕು. ಎರಡೂ ಕಡೆಯ ವೇಗಮಾಪಕಗಳು ಒಂದೇ ಸಂಖ್ಯೆ ತೋರಿಸುತ್ತಿವೆಯೇ ಎಂಬ ಪರಿಶೀಲನೆ ಅದರ ಒಂದು ಉದ್ದೇಶ, ಪಕ್ಕದವರು ಎಚ್ಚರದಲ್ಲಿದ್ದಾರೆಯೇ ಎಂಬುದು ಇನ್ನೊಂದು. ಇಳಿಯುವಾಗಲೂ ಗೊತ್ತಾದ ಎತ್ತರಗಳಲ್ಲಿ ಇಂಥದೇ ಕರೆ, ಇಂಥದೇ ಉತ್ತರ. ಎರಡು ಬಾರಿ ಕರೆದರೂ ಉತ್ತರ ಬಾರದಿದ್ದರೆ, ಎದುರಿಗಿರುವವರು ಎಷ್ಟೇ ಹಿರಿಯರಾಗಿರಲಿ, ನಿಯಂತ್ರಣ ನನ್ನದು ಎಂದು ಘೋಷಿಸಿ ವಿಮಾನವನ್ನು ವಹಿಸಿಕೊಳ್ಳಬೇಕೆಂಬುದೇ ತರಬೇತಿ.

ಈ ವ್ಯವಸ್ಥೆ ಕೆಲಸ ಮಾಡುತ್ತದೆ. 2009ರ ಜೂನ್‌ನಲ್ಲಿ ಬ್ರಸೆಲ್ಸ್‌ನಿಂದ ನ್ಯೂವಾರ್ಕ್‌ಗೆ ಹೊರಟಿದ್ದ ಕಾಂಟಿನೆಂಟಲ್ ಸಂಸ್ಥೆಯ ಬೋಯಿಂಗ್ 777ರಲ್ಲಿ 60 ವರ್ಷದ ಕ್ಯಾಪ್ಟನ್ ಅಟ್ಲಾಂಟಿಕ್ ಮೇಲೆಯೇ ತೀರಿಕೊಂಡರು. 2015ರ ಅಕ್ಟೋಬರ್‌ನಲ್ಲಿ ಫೀನಿಕ್ಸ್‌ನಿಂದ ಬಾಸ್ಟನ್‌ಗೆ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನದ 57 ವರ್ಷದ ಕ್ಯಾಪ್ಟನ್, 2024ರ ಅಕ್ಟೋಬರ್‌ನಲ್ಲಿ ಸಿಯಾಟಲ್‌ನಿಂದ ಇಸ್ತಾಂಬುಲ್‌ಗೆ ಹೊರಟಿದ್ದ ಟರ್ಕಿಶ್ ಏರ್‌ಲೈನ್ಸ್ ವಿಮಾನದ 59 ವರ್ಷದ ಕ್ಯಾಪ್ಟನ್ ಕೂಡ ಹಾರಾಟದ ನಡುವೆಯೇ ಸಾವಿಗೀಡಾದರು. ಮೂರು ಸಂದರ್ಭಗಳಲ್ಲೂ ಉಳಿದ ಪೈಲಟ್‌ಗಳು ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಮೂರು ಘಟನೆಗಳಿಂದ ಅಂಕಿಅಂಶದ ತೀರ್ಮಾನ ತೆಗೆಯುವುದು ಸರಿಯಲ್ಲ. ಆದರೂ ಅವರಲ್ಲಿ ಯಾರೂ 65ರ ಅಂಚಿನಲ್ಲಿರಲಿಲ್ಲ ಎಂಬುದನ್ನು ಮರೆಯಬಾರದು. ಅನುಭವದ ಕಡೆಯ ಸಾಕ್ಷ್ಯವೂ ಇದೆ. 1989ರಲ್ಲಿ ನಿಯಂತ್ರಣದ ಹೈಡ್ರಾಲಿಕ್ ವ್ಯವಸ್ಥೆಗಳನ್ನೆಲ್ಲ ಕಳೆದುಕೊಂಡ ಡಿಸಿ-10 ವಿಮಾನವನ್ನು ಎಂಜಿನ್‌ಗಳ ಬಲ ಏರಿಳಿಸಿಯೇ ಸೂ ಸಿಟಿಯ ರನ್‌ವೇವರೆಗೆ ತಂದ ತಂಡದ ಕ್ಯಾಪ್ಟನ್ ಆಲ್ ಹೇನ್ಸ್‌ಗೆ ಆಗ 57 ವರ್ಷ. ಆ ವಿಮಾನದ 296 ಮಂದಿಯಲ್ಲಿ 184 ಮಂದಿ ಬದುಕಿ ಉಳಿದರು. 2009ರಲ್ಲಿ ಎರಡೂ ಎಂಜಿನ್ ನಿಂತ ಎ320 ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಮಂದಿಯನ್ನೂ ಉಳಿಸಿದ ಚೆಸ್ಲಿ ಸಲ್ಲೆನ್‌ಬರ್ಗರ್ ಅವರ ವಯಸ್ಸೂ 57.

ಹೃದಯದ ತಪಾಸಣೆಗಿಂತ ಬುದ್ಧಿಯ ತಪಾಸಣೆ ಕಷ್ಟ. ಅಮೆರಿಕದ ನಿಯಮದಂತೆ 40 ದಾಟಿದ ವಿಮಾನಯಾನ ಕ್ಯಾಪ್ಟನ್ ಪ್ರತಿ 6 ತಿಂಗಳಿಗೊಮ್ಮೆ ವೈದ್ಯರ ಮುಂದೆ ಹಾಜರಾಗಬೇಕು, ವರ್ಷಕ್ಕೊಮ್ಮೆ ಇಸಿಜಿ ಮಾಡಿಸಬೇಕು. ನೆನಪಿನ ವೇಗ, ಏಕಕಾಲಕ್ಕೆ ಹಲವು ವಿಷಯಗಳ ಮೇಲೆ ಗಮನವಿಡುವ ಶಕ್ತಿ, ಅನಿರೀಕ್ಷಿತಕ್ಕೆ ಸ್ಪಂದಿಸುವ ಚುರುಕು ಇವನ್ನು ಅಳೆಯುವ ಸರ್ವಸಮ್ಮತ ಪರೀಕ್ಷೆ ಮಾತ್ರ ಇನ್ನೂ ಇಲ್ಲ. 40ರಿಂದ 69 ವಯಸ್ಸಿನ 118 ಪೈಲಟ್‌ಗಳನ್ನು ಮೂರು ವರ್ಷ ಸಿಮ್ಯುಲೇಟರ್‌ನಲ್ಲಿ ಗಮನಿಸಿದ, 2007ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಹಿರಿಯರು ಆರಂಭದಲ್ಲಿ ಕಿರಿಯರಿಗಿಂತ ಹಿಂದಿದ್ದರು, ಆದರೆ ಕಾಲ ಸರಿದಂತೆ ಅವರ ಕುಸಿತ ಕಿರಿಯರದಕ್ಕಿಂತ ಕಡಿಮೆಯಿತ್ತು. ಹೆಚ್ಚು ಪರಿಣತಿಯುಳ್ಳವರು ಒಟ್ಟಾರೆ ಉತ್ತಮವಾಗಿ ನಿರ್ವಹಿಸಿದರು. ಪರಿಣತಿ ವಯಸ್ಸಿನ ನಷ್ಟವನ್ನು ಒಂದಷ್ಟು ತುಂಬಿಕೊಡುತ್ತದೆ ಎಂದು ಇದರಿಂದ ಹೇಳಬಹುದು, ಎಷ್ಟು ವರ್ಷದವರೆಗೆ ಎಂದು ಹೇಳಲಾಗದು.

ಈಗ ಗಡಿಗಳ ವಿಷಯ. 1944ರ ಶಿಕಾಗೊ ಒಪ್ಪಂದದಡಿ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಪೈಲಟ್ ಪರವಾನಗಿಯ ಮಾನದಂಡಗಳನ್ನು ಒಪ್ಪಂದದ 1ನೇ ಅನುಬಂಧದಲ್ಲಿ ಇಟ್ಟಿದೆ. ಅಂತರರಾಷ್ಟ್ರೀಯ ವಾಣಿಜ್ಯ ಹಾರಾಟದ ಕ್ಯಾಪ್ಟನ್‌ಗೆ ಅದರಲ್ಲಿದ್ದ 60ರ ಮಿತಿಯನ್ನು 2006ರ ನವೆಂಬರ್ 23ರಿಂದ 65ಕ್ಕೆ ಏರಿಸಲಾಯಿತು, ಜೊತೆಯಲ್ಲಿರುವ ಪೈಲಟ್ 60ರ ಒಳಗಿರಬೇಕೆಂಬ ಷರತ್ತಿನೊಂದಿಗೆ. 2014ರ ನವೆಂಬರ್‌ನಲ್ಲಿ ಆ ಷರತ್ತೂ ಹೋಯಿತು. ತನ್ನ ನೆಲದೊಳಗಿನ ಹಾರಾಟಗಳಿಗೆ ಯಾವ ದೇಶ ಬೇಕಾದರೂ ಬೇರೆ ಮಿತಿ ಇಟ್ಟುಕೊಳ್ಳಬಹುದು. ಜಪಾನ್ 2015ರಿಂದ 67 ವಯಸ್ಸಿನವರೆಗೆ ಅವಕಾಶ ಕೊಟ್ಟಿದೆ. ಆಸ್ಟ್ರೇಲಿಯ, ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ದೇಶದೊಳಗಿನ ಹಾರಾಟಕ್ಕೆ ಮೇಲ್ಮಿತಿಯೇ ಇಲ್ಲ. ಆದರೆ ಒಪ್ಪಂದದ 40ನೇ ವಿಧಿಯ ಪ್ರಕಾರ, ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದದ ಪರವಾನಗಿಯುಳ್ಳವರು ಇನ್ನೊಂದು ದೇಶವನ್ನು ಪ್ರವೇಶಿಸಬೇಕಾದರೆ ಆ ದೇಶದ ಅನುಮತಿ ಬೇಕು.

ಈ ವಿಧಿಯ ಬಿಸಿ ಎಂಥದೆಂದು ಆಸ್ಟ್ರೇಲಿಯದ ಪ್ರಕರಣವೊಂದು ತೋರಿಸುತ್ತದೆ. ಕ್ವಾಂಟಸ್ ಸಂಸ್ಥೆಯ ಬೋಯಿಂಗ್ 747-400 ಕ್ಯಾಪ್ಟನ್ ಒಬ್ಬರಿಗೆ 1994ರಲ್ಲಿ 60 ತುಂಬಿದಾಗ ಕೆಲಸ ಹೋಯಿತು. ವಯಸ್ಸಿನ ಕಾರಣಕ್ಕೆ ತಮ್ಮನ್ನು ತೆಗೆದುಹಾಕಿದ್ದು ತಾರತಮ್ಯವೆಂದು ಅವರು ನ್ಯಾಯಾಲಯಕ್ಕೆ ಹೋದರು. ಅವರ ದೇಶದ ಕಾನೂನಿನಂತೆ ಅವರು ಹಾರಬಹುದಿತ್ತು, ಅವರ ಸಾಮರ್ಥ್ಯದ ಬಗ್ಗೆ ಯಾರ ತಕರಾರೂ ಇರಲಿಲ್ಲ. ತೊಡಕು ಬೇರೆ ಕಡೆ ಇತ್ತು. 60 ದಾಟಿದ ಕ್ಯಾಪ್ಟನ್‌ಗೆ ಬಾಗಿಲು ತೆರೆಯುವ ಗಮ್ಯಸ್ಥಾನಗಳು ಆಗ ನ್ಯೂಜಿಲೆಂಡ್, ಫಿಜಿ, ಬಾಲಿಯಂಥ ಕೆಲವೇ ಆಗಿದ್ದವು. ಅವಷ್ಟನ್ನೇ ಅವರಿಗೆ ಕೊಡಬೇಕೆಂದರೆ ಉಳಿದೆಲ್ಲ ಪೈಲಟ್‌ಗಳ ರೋಸ್ಟರ್ ಕದಡಬೇಕಿತ್ತು. ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಹಾರಬಲ್ಲವರಾಗಿರುವುದು ಆ ಹುದ್ದೆಯ ಅಂತರ್ಗತ ಅಗತ್ಯವೆಂದು 1998ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಕ್ವಾಂಟಸ್ ಪರ ತೀರ್ಪು ನೀಡಿತು. ಒಂದು ದೇಶ ಉದಾರವಾದ ಮಾತ್ರಕ್ಕೆ ಪೈಲಟ್ ಸ್ವತಂತ್ರನಾಗುವುದಿಲ್ಲವೆಂಬುದು ಈ ತೀರ್ಪಿನಿಂದ ಸ್ಪಷ್ಟವಾಯಿತು.

ಅಮೆರಿಕ ತನ್ನ 60ರ ನಿಯಮವನ್ನು ಬಿಟ್ಟುಕೊಟ್ಟದ್ದರ ಹಿಂದೆಯೂ ಇದೇ ಅಸಮತೋಲ ಕೆಲಸ ಮಾಡಿತು. 2006ರ ನವೆಂಬರ್‌ನ ಬಳಿಕ 60 ದಾಟಿದ ವಿದೇಶಿ ಕ್ಯಾಪ್ಟನ್‌ಗಳು ನ್ಯೂಯಾರ್ಕ್‌ನಲ್ಲಿ ವಿಮಾನ ಇಳಿಸಬಹುದಿತ್ತು, ಅದೇ ವಯಸ್ಸಿನ ಅಮೆರಿಕನ್ ಕ್ಯಾಪ್ಟನ್ ತನ್ನ ನೆಲದಲ್ಲೇ ಇಳಿಸುವಂತಿರಲಿಲ್ಲ. ಇದನ್ನು ಹೆಚ್ಚು ದಿನ ಸಮರ್ಥಿಸಲು ಸಾಧ್ಯವಿರಲಿಲ್ಲ. 2007ರ ಡಿಸೆಂಬರ್ 13ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆ ಮಿತಿಯನ್ನು 65ಕ್ಕೆ ಏರಿಸಿತು. ಆದರೆ ಅದು ಪೂರ್ವಾನ್ವಯವಾಗಲಿಲ್ಲ. ಕಾಯ್ದೆಗೆ ಕೆಲವೇ ದಿನ ಮೊದಲು 60 ತುಂಬಿ ಹೊರಬಿದ್ದವರು ಹಿಂತಿರುಗಬೇಕಾದರೆ ಪಟ್ಟಿಯ ತಳದಲ್ಲಿ ಹೊಸಬರಾಗಿಯೇ ಸೇರಬೇಕಿತ್ತು. ಕೆಲವೇ ದಿನಗಳ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಐದು ವರ್ಷ ಸಿಕ್ಕಿತು, ಇನ್ನೊಬ್ಬರಿಗೆ ಏನೂ ಸಿಗಲಿಲ್ಲ.

ಪಟ್ಟಿಯ ತಳಕ್ಕೆ ಹೋಗುವುದೆಂದರೆ ಏನೆಂದು ಅರಿಯಲು ಸೀನಿಯಾರಿಟಿಯನ್ನು ಅರಿಯಬೇಕು. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿವಾದದ ಕೀಲಿ ಅದೇ. ಅಮೆರಿಕದ ವಿಮಾನಯಾನ ಸಂಸ್ಥೆಗಳಲ್ಲಿ ಪೈಲಟ್ ಸೇರಿದ ದಿನವೇ ಅವರಿಗೊಂದು ಕ್ರಮಸಂಖ್ಯೆ ನಿಗದಿಯಾಗುತ್ತದೆ. ಯಾವ ವಿಮಾನ, ಕ್ಯಾಪ್ಟನ್ ಆಸನವೋ ಫಸ್ಟ್ ಆಫೀಸರ್ ಅಂದರೆ ಸಹಪೈಲಟ್ ಆಸನವೋ, ಯಾವ ಊರು ನೆಲೆ, ಯಾವ ದಿನ ರಜೆ, ಹಬ್ಬಕ್ಕೆ ಮನೆಯಲ್ಲಿರುವುದೋ ಹೋಟೆಲಿನಲ್ಲೋ, ಎಲ್ಲವನ್ನೂ ಆ ಸಂಖ್ಯೆ ತೀರ್ಮಾನಿಸುತ್ತದೆ. ಪ್ರತಿಭೆಯಿಂದಾಗಲಿ ಮೇಲಧಿಕಾರಿಯ ಕೃಪೆಯಿಂದಾಗಲಿ ಅದು ಬದಲಾಗುವುದಿಲ್ಲ. ಮೇಲಿನವರು ನಿವೃತ್ತರಾದಾಗ, ಸತ್ತಾಗ, ವೈದ್ಯಕೀಯವಾಗಿ ಅನರ್ಹರಾದಾಗ ಅಥವಾ ಕೆಲಸ ಬಿಟ್ಟಾಗ ಮಾತ್ರ ಕೆಳಗಿನವರು ಒಂದು ಮೆಟ್ಟಿಲು ಏರುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಇದರಲ್ಲಿ ಒಂದು ಒಳ್ಳೆಯ ಗುಣವಿದೆ. ಹವಾಮಾನ ಕೆಟ್ಟಿದೆಯೆಂದು ಹಾರಾಟ ನಿರಾಕರಿಸಿದ ಕ್ಯಾಪ್ಟನ್‌ಗೆ ಬಡ್ತಿ ತಪ್ಪಿಸಿ ಶಿಕ್ಷಿಸುವ ದಾರಿಯೇ ಸಂಸ್ಥೆಗೆ ಇರುವುದಿಲ್ಲ. ಆದರೆ ಈ ಸಂಖ್ಯೆಯನ್ನು ಇನ್ನೊಂದು ಸಂಸ್ಥೆಗೆ ಹೊತ್ತೊಯ್ಯಲು ಬರುವುದಿಲ್ಲ. 1991ರಲ್ಲಿ ಈಸ್ಟರ್ನ್ ಮತ್ತು ಪ್ಯಾನ್ ಆಮ್ ಎರಡೂ ಮುಚ್ಚಿದಾಗ, ದಶಕಗಳ ಅನುಭವವಿದ್ದ ಕ್ಯಾಪ್ಟನ್‌ಗಳು ಬೇರೆ ಕಡೆ ಕೆಲಸ ಹುಡುಕಿಕೊಂಡರೆ ತಮ್ಮ ಮಕ್ಕಳ ವಯಸ್ಸಿನವರ ಕೆಳಗೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಸಂಬಳವೂ ಇದೇ ಜಾಡಿನಲ್ಲಿ ಸಾಗುತ್ತದೆ. ಅದು ಹಾರಾಟದ ಗಂಟೆಯ ಲೆಕ್ಕದಲ್ಲಿ ಬರುತ್ತದೆ. ವಿಮಾನ ದೊಡ್ಡದಾದಷ್ಟೂ, ಆಸನ ಎಡಗಡೆಯದು, ಅಂದರೆ ಕ್ಯಾಪ್ಟನ್‌ದು, ಆದಾಗಲೂ ಗಂಟೆಯ ದರ ಏರುತ್ತದೆ. ಆದ್ದರಿಂದ ವೃತ್ತಿಜೀವನದ ಅತ್ಯಂತ ಹೆಚ್ಚಿನ ಗಳಿಕೆ ಕೊನೆಯ ಕೆಲವು ವರ್ಷಗಳಲ್ಲಿ ಬರುತ್ತದೆ. ಮಿತಿಯನ್ನು ಐದು ವರ್ಷ ಮುಂದೂಡಿದಾಗ ಮೇಲಿದ್ದವರಿಗೆ ಅತ್ಯುತ್ತಮ ಐದು ವರ್ಷಗಳು ಕೂಡಲೇ ದಕ್ಕುತ್ತವೆ, ಕೆಳಗಿದ್ದವರು ಇದ್ದಲ್ಲೇ ಐದು ವರ್ಷ ನಿಲ್ಲುತ್ತಾರೆ. ಅವರಿಗೂ ಕೊನೆಯಲ್ಲಿ ಅಷ್ಟೇ ವರ್ಷ ಸಿಗುವುದಿಲ್ಲವೇ ಎಂಬ ವಾದವಿದೆ. ಅದು ಪೂರ್ತಿ ನಿಜವಲ್ಲ. ಇಪ್ಪತ್ತು ವರ್ಷದ ನಂತರ ಸಂಸ್ಥೆ ಉಳಿದಿರುತ್ತದೆಯೇ, ತಮ್ಮ ವೈದ್ಯಕೀಯ ಅರ್ಹತೆ ಉಳಿದಿರುತ್ತದೆಯೇ ಎಂಬುದು ಯಾರಿಗೂ ತಿಳಿಯದು. ಜೊತೆಗೆ, ಸಂಸ್ಥೆ ಸಂಕಷ್ಟಕ್ಕೆ ಸಿಕ್ಕಾಗ ತಾತ್ಕಾಲಿಕವಾಗಿ ಮನೆಗೆ ಕಳುಹಿಸುವುದು ಪಟ್ಟಿಯ ತಳದಿಂದಲೇ. 2007ರ ಬದಲಾವಣೆಯ ಬೆನ್ನಿಗೇ 2008ರ ಆರ್ಥಿಕ ಹಿಂಜರಿತ ಬಂದಾಗ ಕಿರಿಯರಿಗೆ ಆದದ್ದು ಅದೇ. ಮೇಲಿನಿಂದ ಹೊರಹೋದವರು ಕಡಿಮೆ, ಕೆಳಗಿನಿಂದ ಬಡ್ತಿ ನಿಂತಿತು, ಕೆಲವರ ಕೆಲಸವೂ ಹೋಯಿತು.

ಹಿರಿಯರ ಪಾಲಿಗೂ ಅದು ದುರಾಸೆಯ ಬೇಡಿಕೆಯಾಗಿರಲಿಲ್ಲ. 2001ರ ಸೆಪ್ಟೆಂಬರ್ 11ರ ನಂತರದ ದಿವಾಳಿಗಳಲ್ಲಿ ಯುಎಸ್ ಏರ್‌ವೇಸ್ 2003ರಲ್ಲಿ, ಯುನೈಟೆಡ್ 2005ರಲ್ಲಿ, ಡೆಲ್ಟಾ 2006ರಲ್ಲಿ ತಮ್ಮ ಪೈಲಟ್‌ಗಳ ಪಿಂಚಣಿ ಯೋಜನೆಗಳನ್ನು ರದ್ದುಪಡಿಸಿದ್ದವು. 60ಕ್ಕೆ ನೆಮ್ಮದಿಯಿಂದ ಹೊರಡಬಹುದೆಂದು ನಂಬಿದ್ದವರಿಗೆ ಆ ನಂಬಿಕೆಯ ಆಧಾರವೇ ಕುಸಿದಿತ್ತು. 1959ರಲ್ಲಿ ವಯೋಮಿತಿಯನ್ನು ವಿರೋಧಿಸಿದ್ದ ಪೈಲಟ್‌ಗಳ ಸಂಘ ಆಲ್ಪಾ, 1980ರಿಂದ ಅದನ್ನು ಬೆಂಬಲಿಸಿ, 2007ರ ಮೇ ತಿಂಗಳಲ್ಲಿ ಮತ್ತೆ ನಿಲುವು ಬದಲಿಸಿತು. ವೈದ್ಯಕೀಯ ಜ್ಞಾನದಲ್ಲಿ ಆದ ಬದಲಾವಣೆಗಿಂತ ಸದಸ್ಯರ ಬದುಕಿನಲ್ಲಿ ಆದ ಬದಲಾವಣೆ ಈ ಮೂರು ನಿಲುವುಗಳನ್ನು ಚೆನ್ನಾಗಿ ವಿವರಿಸುತ್ತದೆ.

ಇನ್ನು 67ರ ಪ್ರಸ್ತಾವ. 2020ರಲ್ಲಿ ಕೋವಿಡ್ ಕಾಲದ ಸ್ವಯಂನಿವೃತ್ತಿ ಯೋಜನೆಗಳಡಿ ಸಾವಿರಾರು ಅನುಭವಿ ಪೈಲಟ್‌ಗಳು ಹೊರನಡೆದರು, ಪ್ರಯಾಣಿಕರು ಮರಳಿದಾಗ ಕೊರತೆ ಕಾಣಿಸಿಕೊಂಡಿತು. 2023ರ ಜುಲೈನಲ್ಲಿ ಅಮೆರಿಕದ ಪ್ರತಿನಿಧಿ ಸಭೆ 67ರ ಅಂಶವಿದ್ದ ಮಸೂದೆಯನ್ನು ಅಂಗೀಕರಿಸಿತು. ಸೆನೆಟ್ ಸಮಿತಿ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿತು, ಮೇ ತಿಂಗಳಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಅದು ಇರಲಿಲ್ಲ. 2025ರಲ್ಲಿ ವಿಮಾನಯಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಇದೇ ಪ್ರಸ್ತಾವವನ್ನು ಐಸಿಎಒ ಮುಂದಿಟ್ಟಿತು, ಅಲ್ಲೂ ಮಿತಿ 65ರಿಂದ ಕದಲಲಿಲ್ಲ.

ಅಂತರರಾಷ್ಟ್ರೀಯ ಮಿತಿ ಬದಲಾಗದೆ ಒಂದೇ ದೇಶ 67ಕ್ಕೆ ಏರಿಸಿದರೆ ಏನಾಗುತ್ತದೆಂದು ವಿಮಾನಗಳ ಕಡೆಯಿಂದ ನೋಡಬೇಕು. ಪೈಲಟ್ ಪರವಾನಗಿ ಇದ್ದ ಮಾತ್ರಕ್ಕೆ ಯಾವ ಜೆಟ್ಟನ್ನಾದರೂ ಹಾರಿಸಲು ಬರುವುದಿಲ್ಲ, ಆಯಾ ಮಾದರಿಗೆ ಪ್ರತ್ಯೇಕ ಅರ್ಹತೆ ಬೇಕು. ಬೋಯಿಂಗ್ 757 ಮತ್ತು 767ರಂತೆ, 777 ಮತ್ತು 787ರಂತೆ ಕೆಲವು ಮಾದರಿಗಳು ಒಂದೇ ಅರ್ಹತೆಯಡಿ ಬರುತ್ತವೆ. ಅವನ್ನು ಬಿಟ್ಟರೆ ಮಾದರಿ ಬದಲಾದಾಗ ತರಗತಿ, ಸಿಮ್ಯುಲೇಟರ್, ಪರೀಕ್ಷೆ, ನಂತರ ಬೋಧಕರ ಜೊತೆ ನಿಜವಾದ ಹಾರಾಟ ಎಂದು ವಾರಗಟ್ಟಲೆ ಹಿಡಿಯುತ್ತದೆ. 777ರ ಕ್ಯಾಪ್ಟನ್ ಒಬ್ಬರು ನಿವೃತ್ತರಾದರೆ ಆ ಆಸನಕ್ಕೆ 737ರ ಹಿರಿಯ ಕ್ಯಾಪ್ಟನ್ ಬರುತ್ತಾರೆ, ಅವರ ಜಾಗಕ್ಕೆ 777ರ ಫಸ್ಟ್ ಆಫೀಸರ್ ಬಡ್ತಿ ಪಡೆದು ಹೋಗುತ್ತಾರೆ, ಅವರ ಜಾಗಕ್ಕೆ 737ರ ಫಸ್ಟ್ ಆಫೀಸರ್, ಕೊನೆಗೆ ಹೊಸದಾಗಿ ಸೇರಿದವರು. ಒಂದು ನಿವೃತ್ತಿ, ನಾಲ್ಕು ತರಬೇತಿ. ದೇಶದೊಳಗೆ ಮಾತ್ರ 67ರ ಮಿತಿ ಬಂದರೆ ಆ 777ರ ಕ್ಯಾಪ್ಟನ್ 65ಕ್ಕೆ ಅಂತರರಾಷ್ಟ್ರೀಯ ಮಾರ್ಗ ಬಿಡಲೇಬೇಕು. ಮನೆಗೆ ಹೋಗದೆ ಅವರು 737ಕ್ಕೆ ಇಳಿಯುತ್ತಾರೆ, ಅವರಿಗೂ ತರಬೇತಿ ಬೇಕು, ಸೀನಿಯಾರಿಟಿಯ ಬಲದಿಂದ ಅವರು ಅಲ್ಲಿನ ಕಿರಿಯ ಕ್ಯಾಪ್ಟನ್ ಒಬ್ಬರನ್ನು ಪಕ್ಕಕ್ಕೆ ಸರಿಸುತ್ತಾರೆ. ಎರಡು ವರ್ಷದೊಳಗೆ ಅವರೂ ಹೊರಡುತ್ತಾರೆ, ಸರಪಳಿ ಮತ್ತೆ ಅಲುಗುತ್ತದೆ. 737ಗಳೂ ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳಿಗೆ ಹೋಗಿಬರುವುದರಿಂದ ಒಂದೇ ವಾರದ ಪಾಳಿಯಲ್ಲಿ ಅವರು ಮಾಡಬಹುದಾದ ಮತ್ತು ಮಾಡಬಾರದ ಹಾರಾಟಗಳು ಬೆರೆತಿರುತ್ತವೆ. ಕೊರತೆ ನೀಗಿಸಲೆಂದು ತಂದ ಬದಲಾವಣೆ ಸಿಮ್ಯುಲೇಟರ್‌ಗಳ ಮುಂದೆ ಸಾಲು ಬೆಳೆಸುವ ಸಾಧ್ಯತೆ ಇದೆ. ಆದ್ದರಿಂದ ಏರಿಕೆ ಆಗಬೇಕಾದರೆ ಐಸಿಎಒ ಮಟ್ಟದಲ್ಲೇ ಮೊದಲು ಆಗಬೇಕು ಎಂಬ ವಾದ ನನಗೆ ಸರಿಯೆನಿಸುತ್ತದೆ.

ಕೊರತೆಯ ಮಾತು ಬಂದಾಗ ಪ್ರವೇಶದ ಬಾಗಿಲನ್ನೂ ನೋಡಬೇಕಾಗುತ್ತದೆ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತ ನಂತರ, ಫಸ್ಟ್ ಆಫೀಸರ್ ಆಗಲೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕೆಂದು ಅಮೆರಿಕ 2013ರಲ್ಲಿ ಕಡ್ಡಾಯಗೊಳಿಸಿತು. ಸೈನ್ಯದಿಂದ ಬಂದವರಿಗೆ 750, ವೈಮಾನಿಕ ಪದವಿ ಪಡೆದವರಿಗೆ 1,000 ಗಂಟೆ ಸಾಕು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚು ಅನುಭವವಿತ್ತು ಎಂಬುದನ್ನು ನಿಯಮದ ಟೀಕಾಕಾರರು ನೆನಪಿಸುತ್ತಲೇ ಇರುತ್ತಾರೆ.

ವಯಸ್ಸಿನ ಗೆರೆಯೇ ಅನ್ಯಾಯ, ಪ್ರತಿಯೊಬ್ಬರನ್ನೂ ಪರೀಕ್ಷಿಸಿ ನಿರ್ಧರಿಸಬೇಕು ಎಂಬ ವಾದಕ್ಕೆ ಯುರೋಪಿನ ನ್ಯಾಯಾಲಯ ಕೊಟ್ಟ ಉತ್ತರ ಸಮತೋಲದ್ದು. ಲುಫ್ತಾನ್ಸಾದಲ್ಲಿ ಕಾರ್ಮಿಕ ಒಪ್ಪಂದದ ಮೂಲಕ ಇದ್ದ 60ರ ಮಿತಿಯನ್ನು, ಅಂತರರಾಷ್ಟ್ರೀಯ ನಿಯಮವೇ 65ರವರೆಗೆ ಒಪ್ಪಿರುವಾಗ ಅದಕ್ಕೆ ಸಮರ್ಥನೆಯಿಲ್ಲವೆಂದು 2011ರಲ್ಲಿ ತಳ್ಳಿಹಾಕಿತು. 2017ರಲ್ಲಿ 65ರ ಮಿತಿಯನ್ನು ಎತ್ತಿಹಿಡಿಯಿತು. ಆದರೆ ಪ್ರಯಾಣಿಕರು, ಸರಕು, ಅಂಚೆ ಸಾಗಿಸುವ ವಾಣಿಜ್ಯ ಹಾರಾಟಕ್ಕೆ ಮಾತ್ರ ಅದು ಅನ್ವಯಿಸುತ್ತದೆ, ಖಾಲಿ ವಿಮಾನವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಮತ್ತು ಬೋಧಿಸಲು ಅಡ್ಡಿಯಿಲ್ಲ ಎಂದಿತು. ಅಮೆರಿಕದಲ್ಲೂ 65ರ ನಿಯಮ ನಿಗದಿತ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳಿಗೆ ಸಂಬಂಧಿಸಿದ್ದು; ಖಾಸಗಿ ಕಂಪನಿಗಳ ಜೆಟ್‌ಗಳಲ್ಲಿ, ಬಾಡಿಗೆ ವಿಮಾನಗಳಲ್ಲಿ, ಸಿಮ್ಯುಲೇಟರ್ ಬೋಧಕರಾಗಿ ಹಲವರು ಮುಂದುವರಿಯುತ್ತಾರೆ. ಹಿಂದೆ ಮೂವರ ಕಾಕ್‌ಪಿಟ್ ಇದ್ದಾಗ 60ರ ಮಿತಿ ಪೈಲಟ್‌ಗಳ ಹಿಂದೆ ಕುಳಿತು ಎಂಜಿನ್ ಮತ್ತಿತರ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್‌ಗೆ ಅನ್ವಯಿಸುತ್ತಿರಲಿಲ್ಲ, ಹಾಗಾಗಿ ಕೆಲವು ಕ್ಯಾಪ್ಟನ್‌ಗಳು ಹಿಂದಿನ ಆಸನಕ್ಕೆ ಸರಿದು ಹಾರಾಟ ಮುಂದುವರಿಸಿದ್ದರು. ಎಂಜಿನಿಯರ್‌ಗಳನ್ನೂ 60ಕ್ಕೇ ಹೊರಹಾಕುತ್ತಿದ್ದ ವೆಸ್ಟರ್ನ್ ಏರ್‌ಲೈನ್ಸ್ 1985ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತಿತು. ಎರಡು ಎಂಜಿನಿನ, ಇಬ್ಬರು ನಡೆಸುವ ವಿಮಾನಗಳು ಬಂದ ಮೇಲೆ ಆ ಮೂರನೇ ಆಸನವೇ ಇಲ್ಲವಾಯಿತು.

ಈಗ ಎರಡನೇ ಆಸನದ ಮೇಲೂ ಕಣ್ಣು ಬಿದ್ದಿದೆ. ದೀರ್ಘ ಹಾರಾಟದ ಸ್ಥಿರ ಹಂತದಲ್ಲಿ ಒಬ್ಬರೇ ಕಾಕ್‌ಪಿಟ್‌ನಲ್ಲಿದ್ದು ಇನ್ನೊಬ್ಬರು ವಿಶ್ರಾಂತಿ ಪಡೆಯುವ ವ್ಯವಸ್ಥೆಯನ್ನು ವಿಮಾನ ತಯಾರಕರು ಮುಂದಿಟ್ಟಿದ್ದರು. ಇಂದಿನ ಕಾಕ್‌ಪಿಟ್‌ಗಳಲ್ಲಿ ಅದು ಇಬ್ಬರಿರುವಷ್ಟೇ ಸುರಕ್ಷಿತವೆಂದು ತೋರಿಸಲಾಗದು ಎಂದು ಯುರೋಪಿನ ಸುರಕ್ಷತಾ ಸಂಸ್ಥೆ ಇಎಎಸ್‌ಎ 2025ರಲ್ಲಿ ತೀರ್ಮಾನಿಸಿತು. ಹಿರಿಯ ಪೈಲಟ್‌ಗಳನ್ನು ಹೆಚ್ಚು ಕಾಲ ಉಳಿಸಿಕೊಳ್ಳುವ ಬೇಡಿಕೆಯನ್ನೂ ಪಕ್ಕದ ಆಸನ ಖಾಲಿಬಿಡುವ ಬೇಡಿಕೆಯನ್ನೂ ಒಟ್ಟಿಗೆ ಒಪ್ಪಲಾಗದು. ಶೇಕಡ 1ರ ಲೆಕ್ಕ 65ರವರಿಗೆ ಅವಕಾಶ ಕೊಟ್ಟಿರುವುದು ಪಕ್ಕದಲ್ಲಿ ಇನ್ನೊಬ್ಬರು ಎಚ್ಚರವಾಗಿದ್ದಾರೆಂಬ ಕಾರಣಕ್ಕೆ. ಅವರು ಎದ್ದುಹೋದ ಗಂಟೆಗಳಿಗೆ ಅನ್ವಯವಾಗಬೇಕಾದ ಮಿತಿ 67 ಅಲ್ಲ, ಒಬ್ಬರೇ ನಡೆಸುವ ವಿಮಾನಕ್ಕೆ ಈಗಲೂ ಇರುವ 60.